ಮುಖಗವಸಿನ ವಸ್ತುಗಳು

ಗಾಳಿಯಲ್ಲಿ ತೇಲುವ ವೈರಾಣುಗಳನ್ನು ತಡೆಯುವ ಮುಖಗವಸಿನ (ಮಾಸ್ಕ್) ಶಕ್ತಿಯನ್ನು ನಿರ್ಧರಿಸುವುದು ಬಟ್ಟೆಯ ದಪ್ಪಕ್ಕಿಂತ ಹೆಚ್ಚಾಗಿ ಎಳೆಯ ಸೂಕ್ಷ್ಮತೆ ಮತ್ತು ವಿದ್ಯುದಾವೇಶ. ಎನ್‌95 ಗವಸಿನ ನಡುಪದರ ಕರಗಿಸಿ, ಬಿಸಿಗಾಳಿಯಿಂದ ಊದಿ ಎಳೆದ ಪಾಲಿಪ್ರೊಪಿಲೀನ್. ಕೂದಲಿಗಿಂತ ಎಷ್ಟೋ ತೆಳುವಾದ ಅದರ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡು, ವಿದ್ಯುದಾವೇಶದ ಬಲದಿಂದ ಕಣಗಳನ್ನು ಸೆಳೆದು ಹಿಡಿಯುತ್ತವೆ. ಹಿಡಿಯಲು ಬಹಳ ಕಷ್ಟವಾದ ಸುಮಾರು 0.3 ಮೈಕ್ರಾನ್ ಕಣಗಳಲ್ಲೂ ಕನಿಷ್ಠ 95% ಅಲ್ಲಿ ಸಿಕ್ಕಿಬೀಳುತ್ತವೆ. ಕೊರೊನಾ ವೈರಾಣು ಸುಮಾರು 0.1 ಮೈಕ್ರಾನ್ ಇರುವಾಗ ಅದು ನುಸುಳಿಹೋಗುವುದಿಲ್ಲವೇ ಎಂಬ ಆಕ್ಷೇಪ ಗವಸನ್ನು ಜರಡಿಯೆಂದು ಭಾವಿಸುತ್ತದೆ. ಆದರೆ ವೈರಾಣು ಉಸಿರಿನ ಹನಿಗಳಲ್ಲಿ ಸಾಗುತ್ತದೆ. ಅತಿ ಸಣ್ಣ ಕಣಗಳೂ ನೇರ ಹೋಗದೆ ಓಲಾಡುತ್ತ ಎಳೆಗೆ ತಾಗಿ ಅಂಟುತ್ತವೆ. ಹತ್ತಿ ಬಟ್ಟೆ ದೊಡ್ಡ ಹನಿಗಳನ್ನು ತಡೆದರೂ ಸಣ್ಣವುಗಳ ಮುಂದೆ ದುರ್ಬಲ. ಸೋಪು, ಆಲ್ಕೋಹಾಲ್ ತಾಗಿದರೆ ವಿದ್ಯುದಾವೇಶ ಅಳಿಯುವುದರಿಂದ ಎನ್‌95 ಒಗೆಯಬಾರದು. ಮೂಗಿನ ಬದಿಯಲ್ಲಿ ಸಂದಿ ಉಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ವಸ್ತು ಎಷ್ಟೇ ಉತ್ತಮವಾಗಿರಲಿ, ಮುಖಕ್ಕೆ ಬಿಗಿಯಾಗಿ ಕೂತಾಗ ಮಾತ್ರ ಅದು ರಕ್ಷಣೆ.