ಅಂಗಾಲಿನ ಅರಿವು, ಮುಪ್ಪಿನ ನಿಲುವು: ವೃದ್ಧರ ಬೀಳುವಿಕೆಯಲ್ಲಿ ಪಾದದ ಪಾತ್ರ

ಮನೆಯಲ್ಲಿ ಹಿರಿಯರೊಬ್ಬರು ಬಿದ್ದರೆ ವಿಚಾರಣೆ ನೆಲದಿಂದ ಶುರುವಾಗುತ್ತದೆ: ನೀರು ಚೆಲ್ಲಿತ್ತೇ, ದೀಪ ಉರಿಯುತ್ತಿತ್ತೇ, ಕಾಲೊರಸು ಸರಿಯಿತೇ? ಆಸ್ಪತ್ರೆಗೆ ಹೋದ ಮೇಲೆ ಅದು ತಲೆಗೆ ಏರುತ್ತದೆ: ತಲೆ ಸುತ್ತಿತೇ, ಬಿಪಿ ಎಷ್ಟಿದೆ, ಕಣ್ಣಿಗೆ ಪೊರೆ ಬಂದಿದೆಯೇ? ನೆಲವನ್ನು ಮುಟ್ಟಿಕೊಂಡೇ ಇರುವ ಪಾದವನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ಪಾದವೆಂದರೆ ಮೈಯ ಭಾರ ಹೊರುವ ಕಂಬ ಎಂದಷ್ಟೇ ತಿಳಿದಿರುವುದು ಈ ಅಲಕ್ಷ್ಯದ ಮೂಲ. ಪಾದ ಕಂಬ ಹೌದು; ಆದರೆ ಸಮತೋಲದ ಮಟ್ಟಿಗೆ ಅದನ್ನು ಮೊದಲು ಇಂದ್ರಿಯವೆಂದು ಕಾಣಬೇಕು ಎಂಬುದು ಈ ಲೇಖನದ ವಾದ.

ಅಲುಗದೆ ನಿಂತಿದ್ದೇವೆ ಎಂದುಕೊಂಡಾಗಲೂ ಮೈ ಸಣ್ಣಗೆ ತೂಗಾಡುತ್ತಲೇ ಇರುತ್ತದೆ. ಭಾರ ಹಿಮ್ಮಡಿಗೆ ಸರಿಯಿತೋ ಬೆರಳಿನತ್ತ ಸರಿಯಿತೋ ಎಂಬ ಸುದ್ದಿಯನ್ನು ಅಂಗಾಲಿನ ಚರ್ಮದಲ್ಲಿರುವ ಸ್ಪರ್ಶಗ್ರಾಹಕಗಳು ಮಿದುಳಿಗೆ ಮುಟ್ಟಿಸುತ್ತವೆ. ಕಣ್ಣು ಮತ್ತು ಒಳಗಿವಿ ಇದಕ್ಕೆ ಜೊತೆ. ವಯಸ್ಸಾದಂತೆ ಅಂಗಾಲಿನ ಸುದ್ದಿ ಮಂದವಾಗುತ್ತದೆ, ಆ ಕೊರತೆಯನ್ನು ಕಣ್ಣು ತುಂಬಿಕೊಡುತ್ತದೆ. ಕಣ್ಣು ಮುಚ್ಚಿದ ಕ್ಷಣ ಲೆಕ್ಕ ತಪ್ಪುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರಾಂಬರ್ಗ್ ಹೆಸರಿನ ಪರೀಕ್ಷೆ ಇದನ್ನೇ ಹಿಡಿಯುತ್ತದೆ: ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ತೂರಾಡುತ್ತಾರೆಯೇ ಎಂದು ನೋಡುವುದು. ನಮ್ಮ ಬಚ್ಚಲುಮನೆಯಲ್ಲಿ ಈ ಪರೀಕ್ಷೆ ದಿನಾ ನಡೆಯುತ್ತದೆ. ಮುಖಕ್ಕೆ ಸೋಪು ಹಚ್ಚಿ, ಕಣ್ಣು ಮುಚ್ಚಿ, ಒದ್ದೆ ನೆಲದ ಮೇಲೆ ನಿಂತು ತಂಬಿಗೆಗಾಗಿ ತಡಕಾಡುವ ಅಜ್ಜನನ್ನು ನೆನೆಸಿಕೊಳ್ಳಿ. ಜಾರಿದ್ದು ನೆಲದಿಂದ ಎಂದು ನಾವು ಬರೆದುಕೊಳ್ಳುತ್ತೇವೆ. ಎಷ್ಟೋ ಸಲ ಕಾರಣ ಮರಗಟ್ಟಿದ ಅಂಗಾಲು.

ಈ ವಾದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಹಿಲ್ಟನ್ ಮೆಂಜ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ 176 ವೃದ್ಧರನ್ನು ಒಂದು ವರ್ಷ ಗಮನಿಸಿತು. 71 ಮಂದಿ ಬಿದ್ದರು. ಬಿದ್ದವರಲ್ಲಿ ಹರಡಿನ ಕೀಲು ಬಿಗಿದಿತ್ತು, ಹೆಬ್ಬೆರಳು ಪಕ್ಕದ ಬೆರಳಿನತ್ತ ಹೆಚ್ಚು ವಾಲಿತ್ತು, ಅಂಗಾಲಿನ ಸ್ಪರ್ಶ ಕುಂದಿತ್ತು, ಬೆರಳುಗಳ ಒತ್ತುವ ಬಲ ತಗ್ಗಿತ್ತು, ಪಾದನೋವೂ ಹೆಚ್ಚಾಗಿತ್ತು. ಇವುಗಳಲ್ಲಿ ಬೆರಳ ಬಲ ಮತ್ತು ನೋವು, ಬೇರೆ ಕಾರಣಗಳನ್ನು ಕಳೆದ ಮೇಲೂ, ಸ್ವತಂತ್ರವಾಗಿ ಉಳಿದವು. ಇಷ್ಟು ಚಿಕ್ಕ ಬೆರಳುಗಳಿಗೆ ಇಷ್ಟು ದೊಡ್ಡ ಕೆಲಸವೇ ಎನ್ನಿಸಬಹುದು. ಮುಂದಕ್ಕೆ ವಾಲಿದ ಮೈಯನ್ನು ಕೊನೆಯ ಗಳಿಗೆಯಲ್ಲಿ ತಡೆಯುವುದು ಅವೇ.

ಬೆರಳ ಬಲ ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಕುರ್ಚಿಯಲ್ಲಿ ಕೂತವರ ಹೆಬ್ಬೆರಳಿನ ಅಡಿ ವಿಸಿಟಿಂಗ್ ಕಾರ್ಡಿನಷ್ಟು ಗಟ್ಟಿ ಕಾಗದ ಇಟ್ಟು, ಒತ್ತಿ ಹಿಡಿಯಲು ಹೇಳಿ, ಮೆಲ್ಲಗೆ ಎಳೆಯುವುದು. ಜಾರಿ ಬಂದರೆ ಬಲ ಸಾಲದು. ನಾನು ನಮ್ಮ ಮನೆಯ ಹಿರಿಯಾಕೆಗೆ ಮದುವೆ ಕಾಗದದ ತುಂಡು ಇಟ್ಟು ನೋಡಿದೆ. ಆಕೆ ಹಲ್ಲು ಕಚ್ಚಿ ತೊಡೆ ಬಿಗಿಹಿಡಿದರೂ ಕಾಗದ ಸಲೀಸಾಗಿ ಬಂತು. ಅದೇ ಪಾದದ ಕಿರುಬೆರಳಿನ ಬುಡದಲ್ಲಿ ಹಳೆಯ ಆಣಿ; ಅದನ್ನು ನೆಲಕ್ಕೆ ತಾಗಿಸದಿರಲು ಆಕೆ ವರ್ಷಗಳಿಂದ ಪಾದದ ಒಳ ಅಂಚಿನ ಮೇಲೆ ನಡೆಯುತ್ತಿದ್ದಳೆಂದು ನಮಗೆ ತಿಳಿದದ್ದು ಅವತ್ತೇ.

ಈ ಕಾಗದದ ಪರೀಕ್ಷೆ ಮೊದಲು ಹುಟ್ಟಿದ್ದು ಕುಷ್ಠರೋಗಿಗಳ ಪಾದ ನೋಡಲು. ಸ್ಪರ್ಶವಿಲ್ಲದ ಪಾದದ ಶಾಸ್ತ್ರದ ಬಹುಭಾಗ ನಮ್ಮ ನೆರೆಯ ವೆಲ್ಲೂರಿನಲ್ಲಿ, ಪಾಲ್ ಬ್ರ್ಯಾಂಡ್ ಅವರ ಕುಷ್ಠ ಚಿಕಿತ್ಸೆಯಿಂದ ಬೆಳೆಯಿತು. ಇಂದು ಸಕ್ಕರೆ ಕಾಯಿಲೆಯವರಿಗೆ ಬರೆದುಕೊಡುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯೂ ಕುಷ್ಠರೋಗಿಗಳ ಪಾದ ಕಾಯಲು ಬಂದದ್ದೇ. ಐಸಿಎಂಆರ್‌ನ 2023ರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಅನೇಕರಿಗೆ ಅಂಗಾಲು ಜೋಮು ಹಿಡಿಯುತ್ತದೆ. ಬಿ12 ಕೊರತೆಯೂ ನರಗಳನ್ನು ಕೆಡಿಸುತ್ತದೆ. ಅದು ಸಸ್ಯಾಹಾರಿಗಳಲ್ಲಿ ಹೆಚ್ಚು, ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಇನ್ನೂ ಹೆಚ್ಚು. ರೋಗಿಗಳೇ ಕೊಡುವ ಒಂದು ಲಕ್ಷಣ ನನಗೆ ಎಲ್ಲ ಉಪಕರಣಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ: “ಚಪ್ಪಲಿ ಕಾಲಿಂದ ಕಳಚಿಹೋದದ್ದೇ ಗೊತ್ತಾಗಲಿಲ್ಲ.” ಹೀಗೆಂದವರ ಪಾದವನ್ನು ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಮುಟ್ಟಿ ನೋಡದೆ ಕಳುಹಿಸಬಾರದು.

ಪಾದರಕ್ಷೆಯ ವಿಷಯಕ್ಕೆ ಬಂದಾಗ ಪಶ್ಚಿಮದ ತೀರ್ಮಾನಗಳನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರಿಗಾಲಲ್ಲೋ ಬರೀ ಕಾಲುಚೀಲದಲ್ಲೋ ಓಡಾಡುವವರು ಬೀಳುವ ಅಪಾಯ ಬಹಳ ಹೆಚ್ಚಿತ್ತು. ಕ್ಯಾನ್ವಾಸ್ ಶೂ ಹಾಕಿದವರಿಗೆ ಎಲ್ಲಕ್ಕಿಂತ ಕಡಿಮೆ. ಆದರೆ ಅಲ್ಲಿ ಬರಿಗಾಲು ಅಪವಾದ, ನಮ್ಮ ಮನೆಯೊಳಗೆ ಅದೇ ನಿಯಮ. ಹುಟ್ಟಿದಾಗಿನಿಂದ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಬೆಳೆದ ಪಾದ ಬೇರೆ ಬಗೆಯದೇ? ಕರಾವಳಿಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರಾವ್ ಮತ್ತು ಜೋಸೆಫ್ 1992ರಲ್ಲಿ ಪ್ರಕಟಿಸಿದ, 2,300 ಮಕ್ಕಳ ಹೆಜ್ಜೆಗುರುತಿನ ಅಧ್ಯಯನ ಹೌದೆನ್ನುತ್ತದೆ: ಪಾದರಕ್ಷೆ ಹಾಕುವ ಮಕ್ಕಳಲ್ಲಿ 8.6% ಚಪ್ಪಟೆ ಪಾದ, ಹಾಕದವರಲ್ಲಿ 2.8%. ಇದು ಮಕ್ಕಳ ಮಾತು. ಎಪ್ಪತ್ತರ ಅಜ್ಜಿಗೆ ನೇರವಾಗಿ ಅನ್ವಯಿಸದು. ಆದರೂ ‘ಮನೆಯೊಳಗೆ ಶೂ ಹಾಕಿ’ ಎಂಬ ಸಲಹೆಯನ್ನು ಭಾಷಾಂತರಿಸಿ ಹಂಚುವ ಮೊದಲು ನಮ್ಮ ಹಿರಿಯರ ಪಾದವನ್ನೇ ಕೇಳಬೇಕು ಎನ್ನಲು ಅಷ್ಟು ಸಾಕು. ಸ್ಪರ್ಶ ಉಳಿದಿರುವ ಪಾದಕ್ಕೆ ಒಣ ನೆಲದ ಮೇಲೆ ಬರಿಗಾಲು ತಪ್ಪಲ್ಲ ಎಂದು ನನ್ನ ಎಣಿಕೆ. ಜೋಮು ಹಿಡಿದ ಪಾದಕ್ಕೆ ಅದು ಗಾಯದ ದಾರಿ. ಎರಡೂ ಬಗೆಯ ಪಾದಕ್ಕೆ ಕೂಡದ್ದು ಅಟ್ಟೆ ಸವೆದ ಹವಾಯಿ ಚಪ್ಪಲಿ: ಹಿಮ್ಮಡಿಗೆ ಹಿಡಿತವಿಲ್ಲ, ಬೆರಳುಗಳು ಅದನ್ನು ಕಚ್ಚಿ ಹಿಡಿಯುವುದರಲ್ಲೇ ದಣಿಯುತ್ತವೆ.

ಪಾದ ಸರಿಪಡಿಸಿದರೆ ಬೀಳುವುದು ತಗ್ಗುತ್ತದೆಯೇ? ಪಾದನೋವಿದ್ದ 305 ಹಿರಿಯರ ಮೇಲೆ ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಳಅಟ್ಟೆ, ಪಾದರಕ್ಷೆಯ ಸಲಹೆ, ಪಾದ ಮತ್ತು ಹರಡಿನ ವ್ಯಾಯಾಮ ಕೂಡಿಸಿ ಕೊಟ್ಟಾಗ ಬೀಳುವಿಕೆ 36% ಇಳಿಯಿತು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಇಂಥದ್ದನ್ನೇ ಮಾಡಿದಾಗ, 2017ರ ವರದಿಯಂತೆ, ಇಳಿಕೆ ಖಚಿತವೆನ್ನುವಷ್ಟು ಕಾಣಲಿಲ್ಲ. ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಪ್ರಾಮಾಣಿಕವಲ್ಲ. ಆದರೆ ಎರಡೂ ಕಡೆ ಚಿಕಿತ್ಸೆಗೆ ಮೊದಲು ಪಾದವನ್ನು ನೋಡಿದ್ದರು. ನಮ್ಮಲ್ಲಿ ಆ ಮೊದಲ ಹೆಜ್ಜೆಯೇ ಬಾಕಿ. ಹಿರಿಯರನ್ನು ನೋಡುವ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಬಿದ್ದು ಬಂದವರ ಕಾಲುಚೀಲ ಬಿಚ್ಚಿಸಿ, ಅಂಗಾಲು ಮುಟ್ಟಿ, ಕಂಡದ್ದನ್ನು ಒಂದು ಸಾಲಿನಲ್ಲಾದರೂ ಕೇಸ್ ಪೇಪರಿನಲ್ಲಿ ಬರೆಯಿರಿ.