ಚಿಲ್ಡ್ರನ್ ಆಫ್ ಯುರೋಪ್ (ಛಾಯಾಚಿತ್ರ ಸಂಕಲನ)

'ಚಿಲ್ಡ್ರನ್ ಆಫ್ ಯುರೋಪ್' (ಯುರೋಪಿನ ಮಕ್ಕಳು) ಎರಡನೆಯ ಮಹಾಯುದ್ಧದಲ್ಲಿ ಅನಾಥರೂ ನಿರಾಶ್ರಿತರೂ ಅಂಗವಿಕಲರೂ ಆದ ಮಕ್ಕಳನ್ನು ಕುರಿತ ಛಾಯಾಚಿತ್ರ ಸಂಕಲನ. ಇದರ ಚಿತ್ರಗಳನ್ನು ಛಾಯಾಗ್ರಾಹಕ ಡೇವಿಡ್ ಸೆಮೋರ್ 1948ರಲ್ಲಿ ಆಸ್ಟ್ರಿಯ, ಗ್ರೀಸ್, ಹಂಗೇರಿ, ಇಟಲಿ ಮತ್ತು ಪೋಲೆಂಡ್ ದೇಶಗಳಲ್ಲಿ ತೆಗೆದರು. ಯುನೆಸ್ಕೊ ಸಂಸ್ಥೆ 1949ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿತು. ವಾರ್ಸಾ ನಗರದ ಬಾಲಕಿ ತೆರೆಸ್ಕಾಳ ಚಿತ್ರ ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು.

ಛಾಯಾಗ್ರಾಹಕ

ಸೆಮೋರ್ ಅವರ ಮೂಲ ಹೆಸರು ದಾವಿದ್ ಶಿಮಿನ್. ಗೆಳೆಯರ ನಡುವೆಯೂ ವೃತ್ತಿಯಲ್ಲಿಯೂ ಅವರು 'ಶಿಮ್' ಎಂದೇ ಪರಿಚಿತರು. 1911ರಲ್ಲಿ ವಾರ್ಸಾದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಯಿಡ್ಡಿಷ್ ಮತ್ತು ಹೀಬ್ರೂ ಗ್ರಂಥಗಳ ಪ್ರಕಾಶಕರಾಗಿದ್ದರು. 1936ರಲ್ಲಿ ಆರಂಭವಾದ ಸ್ಪೇನಿನ ಅಂತರ್ಯುದ್ಧದ ಚಿತ್ರಗಳು ಶಿಮ್ ಅವರಿಗೆ ಹೆಸರು ತಂದವು. ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದ ಸೇನೆಯಲ್ಲಿ ಛಾಯಾಚಿತ್ರಗಳನ್ನು ವಿಶ್ಲೇಷಿಸುವ ಕೆಲಸ ಮಾಡಿದರು. ಪೋಲೆಂಡಿನಲ್ಲೇ ಉಳಿದಿದ್ದ ಅವರ ತಂದೆತಾಯಿಗಳನ್ನು ನಾಜಿಗಳು ಕೊಂದರು. 1947ರಲ್ಲಿ ರಾಬರ್ಟ್ ಕಾಪಾ, ಹೆನ್ರಿ ಕಾರ್ಟಿಯೆ-ಬ್ರೆಸ್ಸೋ, ಜಾರ್ಜ್ ರಾಜರ್ ಮೊದಲಾದವರೊಡನೆ ಸೇರಿ ಮ್ಯಾಗ್ನಮ್ ಎಂಬ ಛಾಯಾಗ್ರಾಹಕರ ಸಹಕಾರ ಸಂಸ್ಥೆಯನ್ನು ಸ್ಥಾಪಿಸಿದರು. ಹೀಗಾಗಿ 1948ರಲ್ಲಿ ವಾರ್ಸಾದ ಮಕ್ಕಳ ಮುಂದೆ ಕ್ಯಾಮೆರಾ ಹಿಡಿದು ನಿಂತವರು ಹೊರಗಿನಿಂದ ಬಂದ ವರದಿಗಾರರಷ್ಟೇ ಆಗಿರಲಿಲ್ಲ. ಮನೆಯನ್ನೂ ಹೆತ್ತವರನ್ನೂ ಅದೇ ಯುದ್ಧದಲ್ಲಿ ಕಳೆದುಕೊಂಡವರಾಗಿದ್ದರು.

ಸೂಯೆಜ್ ಬಿಕ್ಕಟ್ಟಿನಲ್ಲಿ ಕದನವಿರಾಮ ಘೋಷಣೆಯಾದ ಬಳಿಕ, 1956ರ ನವೆಂಬರ್ 10ರಂದು, ಗಾಯಗೊಂಡ ಸೈನಿಕರ ವಿನಿಮಯವನ್ನು ಚಿತ್ರಿಸಲು ಹೋಗುತ್ತಿದ್ದಾಗ ಈಜಿಪ್ಟಿನ ಸೈನಿಕರ ಗುಂಡಿಗೆ ಶಿಮ್ ಬಲಿಯಾದರು.

ಹಿನ್ನೆಲೆ

ಯುದ್ಧದಿಂದ ಜರ್ಜರಿತವಾದ ದೇಶಗಳ ಮಕ್ಕಳಿಗೆ ನೆರವಾಗಲು ವಿಶ್ವಸಂಸ್ಥೆಯು 1946ರ ಡಿಸೆಂಬರ್ 11ರಂದು ಯುನಿಸೆಫ್ ನಿಧಿಯನ್ನು ಸ್ಥಾಪಿಸಿತು. ಅದು ಆಗ ತಾತ್ಕಾಲಿಕ ನಿಧಿಯಾಗಿತ್ತು. ಕಾಯಂ ಸಂಸ್ಥೆಯಾದದ್ದು 1953ರಲ್ಲಿ. ಹಾಲು, ಬಟ್ಟೆ, ಔಷಧಿಗಳಿಗಾಗಿ ಸರ್ಕಾರಗಳಿಂದಲೂ ಸಾರ್ವಜನಿಕರಿಂದಲೂ ಹಣ ಬರಬೇಕಿತ್ತು. ದೂರದ ದಾನಿಗಳಿಗೆ ಮಕ್ಕಳ ಸ್ಥಿತಿಯನ್ನು ಕಾಣಿಸುವ ಉದ್ದೇಶದಿಂದ ಶಿಮ್ ಅವರಿಗೆ ಈ ಕೆಲಸವನ್ನು ಒಪ್ಪಿಸಲಾಯಿತು. ಚಿತ್ರಗಳು ಕಲಾಕೃತಿಗಳಾಗಿ ಅಲ್ಲ, ಮನವಿಗಳಾಗಿ ಹುಟ್ಟಿದವು ಎಂಬುದನ್ನು ನೆನಪಿನಲ್ಲಿಟ್ಟು ಅವುಗಳನ್ನು ನೋಡಬೇಕಾಗುತ್ತದೆ.

ಚಿತ್ರಗಳು

ಬಹುತೇಕ ಚಿತ್ರಗಳಲ್ಲಿ ಕ್ಯಾಮೆರಾ ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿದಿದೆ. ವಿಯೆನ್ನಾದ ಅವಶೇಷಗಳ ನಡುವೆ ಮಕ್ಕಳು ಆಡುತ್ತಾರೆ. ಅಂತರ್ಯುದ್ಧ ಇನ್ನೂ ಮುಗಿದಿರದ ಗ್ರೀಸಿನ ಹಳ್ಳಿಯೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳು ತನ್ನ ಬದುಕಿನ ಮೊದಲ ಜೊತೆ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ಬೆರಗಾಗಿದ್ದಾಳೆ. ರೋಮಿನ ವಿಲ್ಲಾ ಸವೋಯಾದಲ್ಲಿ ಯುದ್ಧದಿಂದ ಕಣ್ಣನ್ನೂ ಕೈಗಳನ್ನೂ ಕಳೆದುಕೊಂಡ ಹುಡುಗನೊಬ್ಬ ಬ್ರೈಲ್ ಪುಸ್ತಕವನ್ನು ತುಟಿಗಳಿಂದ ಓದುತ್ತಾನೆ. ಈ ಕೊನೆಯ ಚಿತ್ರದಲ್ಲಿ ಹುಡುಗ ಕ್ಯಾಮೆರಾದತ್ತ ಮುಖ ಮಾಡಿಲ್ಲ, ಓದಿನಲ್ಲಿ ಮಗ್ನನಾಗಿದ್ದಾನೆ. ಕರುಣೆಗಿಂತ ಮೊದಲು ನೋಡುಗರ ಗಮನಕ್ಕೆ ಬರುವುದು ಆ ಏಕಾಗ್ರತೆ. ನೇಪಲ್ಸಿನ ಸುಧಾರಣಾ ಗೃಹದಲ್ಲಿದ್ದ ಬಾಲಕರನ್ನೂ ಶಿಮ್ ಚಿತ್ರಿಸಿದರು.

ತೆರೆಸ್ಕಾ

ವಾರ್ಸಾದ ವಿಶೇಷ ಶಾಲೆಯೊಂದರಲ್ಲಿ ಮನೆಯ ಚಿತ್ರವನ್ನು ಬರೆಯುವಂತೆ ಮಕ್ಕಳಿಗೆ ಹೇಳಲಾಗಿತ್ತು. ತೆರೆಸ್ಕಾ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಸುತ್ತಿ ಸುತ್ತಿ ಸಿಕ್ಕುಸಿಕ್ಕಾದ ಗೆರೆಗಳನ್ನು ಎಳೆದಳು. ಚಿತ್ರದಲ್ಲಿ ಅವಳು ಆ ಗೆರೆಗಳ ಪಕ್ಕದಲ್ಲಿ ನಿಂತು ಅಗಲವಾದ ಕಣ್ಣುಗಳಿಂದ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ. 1948ರ ಡಿಸೆಂಬರಿನಲ್ಲಿ ಅಮೆರಿಕದ 'ಲೈಫ್' ಪತ್ರಿಕೆ ಇದನ್ನು ಪ್ರಕಟಿಸಿದಾಗ, ಮನಸ್ಸಿಗಾದ ಗಾಯಗಳು ಮಾಯಲು ವರ್ಷಗಳೇ ಬೇಕು ಎಂಬರ್ಥದ ಅಡಿಬರಹವಿತ್ತು.

ಮುಂದಿನ ದಶಕಗಳಲ್ಲಿ ಚಿತ್ರ ಎಲ್ಲೆಡೆ ಮರುಮುದ್ರಣಗೊಂಡಿತು. ಮೂಲ ಅಡಿಬರಹದಲ್ಲಿ ಇಲ್ಲದಿದ್ದ ಸಂಗತಿಯೊಂದು ಅದಕ್ಕೆ ಅಂಟಿಕೊಂಡಿತು: ಬಾಲಕಿ ನಾಜಿ ಸೆರೆಶಿಬಿರದಲ್ಲಿ ಬೆಳೆದವಳು ಎಂಬುದು. ಪೋಲೆಂಡಿನಲ್ಲಿ ನಡೆದ ಶೋಧನೆಯ ಫಲವಾಗಿ 2017ರಲ್ಲಿ ಅವಳ ಗುರುತು ಪ್ರಕಟವಾದಾಗ ಈ ನಂಬಿಕೆ ತಪ್ಪೆಂದು ತಿಳಿಯಿತು. ಅವಳು ವಾರ್ಸಾದ ಕ್ಯಾಥೊಲಿಕ್ ಕುಟುಂಬದ ಮಗಳು. 1944ರ ವಾರ್ಸಾ ದಂಗೆಯ ಸಮಯದಲ್ಲಿ ಸಿಡಿಚೂರು ತಗುಲಿ ಅವಳ ಮೆದುಳಿಗೆ ಪೆಟ್ಟಾಗಿತ್ತು. ಬಳಿಕ ಅಕ್ಕನೊಡನೆ ಹಸಿವಿನಲ್ಲೇ ವಾರಗಟ್ಟಲೆ ನಡೆದು ನಗರದಿಂದ ಪಾರಾಗಿದ್ದಳು. ಗಾಯ ಮಾಯಲಿಲ್ಲ. ವಯಸ್ಕಳಾದ ಮೇಲೆ ದೀರ್ಘಕಾಲ ಮನೋರೋಗ ಚಿಕಿತ್ಸಾಲಯದಲ್ಲಿದ್ದು, 1978ರಲ್ಲಿ ಅಲ್ಲಿಯೇ ನಿಧನಳಾದಳು.

ಈ ವಿವರಗಳು ಕರಿಹಲಗೆಯ ಗೆರೆಗಳ ಅರ್ಥವನ್ನೂ ಬದಲಿಸುತ್ತವೆ. ಅವನ್ನು ನಾಶವಾದ ಮನೆಯ ಸಂಕೇತವೆಂದು ಓದುವುದು ರೂಢಿ. ಮೆದುಳಿಗೆ ಪೆಟ್ಟಾದ ಮಗುವಿನ ಕೈ ಎಳೆಯಬಲ್ಲ ಗೆರೆಗಳೂ ಅವಾಗಿರಬಹುದು. ಚಿತ್ರವೊಂದರಿಂದಲೇ ಇದನ್ನು ನಿರ್ಣಯಿಸಲು ಸಾಧ್ಯವಿಲ್ಲ.

ನಂತರದ ನಿಯಮಗಳು

ಶಿಮ್ ಕೆಲಸ ಮಾಡಿದ ಕಾಲದಲ್ಲಿ ಮಕ್ಕಳ ಚಿತ್ರಣಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ನಿಯಮಗಳಿರಲಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿನ ಹಿತಕ್ಕೆ ಪ್ರಾಶಸ್ತ್ಯ ನೀಡಿತು (3ನೆಯ ವಿಧಿ). ಮಗುವಿಗೆ ತನ್ನ ಅಭಿಪ್ರಾಯ ಹೇಳುವ ಹಕ್ಕನ್ನೂ (12ನೆಯ ವಿಧಿ) ಖಾಸಗಿತನದ ಹಕ್ಕನ್ನೂ (16ನೆಯ ವಿಧಿ) ಮಾನ್ಯಮಾಡಿತು. ಅದರ ಆಧಾರದ ಮೇಲೆ ಯುನಿಸೆಫ್ ರೂಪಿಸಿದ ವರದಿಗಾರಿಕೆಯ ಸೂತ್ರಗಳ ಪ್ರಕಾರ, ಸಂದರ್ಶನಕ್ಕೂ ಚಿತ್ರೀಕರಣಕ್ಕೂ ಮಗುವಿನ ಮತ್ತು ಪೋಷಕರ ಒಪ್ಪಿಗೆ ಬೇಕು. ಒತ್ತಾಯದಿಂದ ಪಡೆದದ್ದು ಒಪ್ಪಿಗೆಯಲ್ಲ. ಮಗುವಿನ ಬದುಕಿಗೆ ಸಂಬಂಧಿಸದ ಕಥೆಯನ್ನು ಅದರಿಂದ ಅಭಿನಯಿಸಬಾರದು. ಚಿತ್ರಕ್ಕೆ ನಿಖರವಾದ ಸಂದರ್ಭವನ್ನು ಒದಗಿಸಬೇಕು. ಲೈಂಗಿಕ ಶೋಷಣೆಗೆ ಒಳಗಾದ ಅಥವಾ ಅಪರಾಧದ ಆರೋಪ ಹೊತ್ತ ಮಕ್ಕಳ ಹೆಸರನ್ನು ಬದಲಿಸಿ ಮುಖವನ್ನು ಮರೆಮಾಡಬೇಕು. ನೇಪಲ್ಸಿನ ಸುಧಾರಣಾ ಗೃಹದ ಚಿತ್ರಗಳನ್ನು ಇಂದು ನೋಡುವಾಗ ಈ ನಿಯಮ ನೆನಪಿಗೆ ಬರುತ್ತದೆ.