ಐಗಳ ಮಠದಿಂದ ಬದಲಿ ಉಪಾಧ್ಯಾಯರವರೆಗೆ

ಊರಿನಲ್ಲಿ ಪೂಜಾರಿ ಕಾಯಿಲೆ ಬಿದ್ದರೆ ಅವನ ತಮ್ಮನೋ ಮಗನೋ ಗುಡಿಯ ದೀಪ ಹಚ್ಚುವನು. ನೀರಗಂಟಿ ಪರಸ್ಥಳಕ್ಕೆ ಹೋದರೆ ನೆರೆಯವನೊಬ್ಬನು ತೂಬು ನೋಡಿಕೊಳ್ಳುವನು. ಆದರೆ ಕನ್ನಡ ಶಾಲೆಯ ಉಪಾಧ್ಯಾಯರು ರಜೆಯ ಮೇಲೆ ಹೋದರೆ, ವರ್ಗವಾದರೆ, ನಿವೃತ್ತರಾದರೆ, ಆ ಸ್ಥಾನದಲ್ಲಿ ನಿಂತು ಮಕ್ಕಳಿಗೆ ಪಾಠ ಹೇಳುವವರು ಯಾರು? ನಾಡಿನ ನಡುವೆ ಇರುವವರಿಗೆ ಇದು ಸಣ್ಣ ಪ್ರಶ್ನೆಯಾಗಿ ತೋರಬಹುದು. ಮದ್ದಿಕೇರ, ಆದೋನಿ, ಆಲೂರು ಸೀಮೆಗಳ ಕನ್ನಡ ಮನೆಗಳಿಗೆ ಇದು ಸಣ್ಣದಲ್ಲ. ಬದಲಿ ಉಪಾಧ್ಯಾಯರ ಕೆಲಸವನ್ನು ಜನರು ಇಂದಿನ ಸರ್ಕಾರಿ ಏರ್ಪಾಡೆಂದು ತಿಳಿದಿರುವರು. ಅದರ ಬೇರು ನಮ್ಮ ಮಣ್ಣಿನಲ್ಲಿಯೇ ಇದೆಯೆಂಬುದನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದೆ ಇಡಬಯಸುತ್ತೇವೆ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ಆಗ ಇಲ್ಲಿ ಕಲೆಕ್ಟರನಾಗಿ ಬಂದು 1807ರವರೆಗೆ ಆಡಳಿತ ನಡೆಸಿದವನು ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರನಾದಾಗ ಅವನು 1822ರಲ್ಲಿ ಒಂದು ಆಜ್ಞೆ ಹೊರಡಿಸಿ, ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುವರು ಎಂಬುದನ್ನು ತಿಳಿಸಬೇಕೆಂದು ಕಲೆಕ್ಟರರನ್ನು ಕೇಳಿದನು. ಇದೇ ಮನ್ರೋ 1827ರ ಜುಲೈ 6ರಂದು ನಮ್ಮ ನೆರೆಯ ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನೆಂಬುದು ಹಿರಿಯರೆಲ್ಲರಿಗೂ ತಿಳಿದ ಸಂಗತಿ.

ಆ ಆಜ್ಞೆಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಬರೆದ ಉತ್ತರವು ಬಹು ವಿವರವಾದುದು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಆದೋನಿ, ಆಲೂರು, ರಾಯದುರ್ಗಗಳಷ್ಟೇ ಅಲ್ಲದೆ ನಮ್ಮ ಮದ್ದಿಕೇರವಿದ್ದ ಪತ್ತಿಕೊಂಡ ತಾಲ್ಲೂಕೂ ಅದಕ್ಕೆ ಸೇರಿತ್ತು. ಪತ್ತಿಕೊಂಡವು ಕರ್ನೂಲಿಗೆ ಸೇರಿದ್ದು 1858ರಲ್ಲಿ. ಆದುದರಿಂದ ಕ್ಯಾಂಬೆಲ್ಲನ ವರದಿ ನಮ್ಮ ಮುತ್ತಜ್ಜಂದಿರ ಅಜ್ಜಂದಿರು ಕುಳಿತು ಓದಿದ ಶಾಲೆಗಳ ವರದಿಯೇ ಆಗಿದೆ.

ಅವನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಓದುವವರು 6,641. ಇವರಲ್ಲಿ ಹೆಣ್ಣುಮಕ್ಕಳು ಕೇವಲ 60. ಶಾಲೆಗೆ ಸುಮಾರು ಹನ್ನೆರಡು ಮಕ್ಕಳಂತೆ. ಸಾವಿರ ಜನರಲ್ಲಿ ಓದುವವರು ಸುಮಾರು ಏಳು ಮಂದಿ ಮಾತ್ರ. ಭಾಷೆಯ ಲೆಕ್ಕವಂತೂ ಗಡಿಯವರಾದ ನಾವು ಮನನ ಮಾಡತಕ್ಕದ್ದು: ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226, ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು, ಇಂಗ್ಲಿಷಿನವು. ಎರಡು ನುಡಿಗಳು ಒಂದೇ ಸೀಮೆಯಲ್ಲಿ ಅಕ್ಕತಂಗಿಯರಂತೆ ಬಹುಮಟ್ಟಿಗೆ ಸರಿಸಮನಾಗಿ ಬಾಳಿದ್ದವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ಶಾಲೆಯ ಚಿತ್ರವನ್ನೂ ಅವನು ಬರೆದಿಟ್ಟಿದ್ದಾನೆ. ನಮ್ಮ ಹಿರಿಯರು ಅದನ್ನು ಐಗಳ ಮಠವೆನ್ನುತ್ತಿದ್ದರು. ಬೆಳಗ್ಗೆ ಆರು ಗಂಟೆಗೆ ಮಠ ಕೂಡುವುದು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆಲ್ಲ ಏಟು ಏರುವುದು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಿ, ಅನಂತರ ಹಲಗೆಯ ಮೇಲೆಯೋ ಕಡತದ ಮೇಲೆಯೋ ಬಳಪದಿಂದ ಬರೆಯುವರು. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟರೆ ಕಡತವಾಯಿತು. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು.

ನಮ್ಮ ವಿಷಯಕ್ಕೆ ಮುಖ್ಯವಾದುದು ಇದರ ಮುಂದಿನದು. ಮಠದ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಮೇಲಿನ ತರಗತಿ ಐಗಳ ಕೈಯಲ್ಲಿ. ಕೆಳಗಿನವರಿಗೆ ಓದಿನಲ್ಲಿ ಮುಂದಾದ ಹುಡುಗರೇ ಹೇಳಿಕೊಡುವರು. ಐಗಳ ಕಣ್ಣು ಮಾತ್ರ ಇಡೀ ಮಠದ ಮೇಲೆ. ಹೇಳಿಸಿಕೊಂಡವನು ಕಲಿಯುವನು, ಹೇಳಿದವನ ಕಲಿಕೆ ಗಟ್ಟಿಯಾಗುವುದು. ಈ ಕ್ರಮವು ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಕ್ಯಾಂಬೆಲ್ ಬರೆದನು.

ಅದು ಬರಿಯ ಉಪಚಾರದ ಮಾತಲ್ಲ. ಮದರಾಸಿನ ಎಗ್ಮೂರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯೊಂದಿತ್ತು. ಅದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡನು. ತನ್ನ ಶಾಲೆಯ ಉಪಾಧ್ಯಾಯರು ಆ ಪದ್ಧತಿಗೆ ಒಪ್ಪದಿರಲು, ಎಂಟು ವರ್ಷದ ಆಸುಪಾಸಿನ ಒಬ್ಬ ಹುಡುಗನನ್ನೇ ಕೆಳಗಿನವರಿಗೆ ಕಲಿಸಲು ನಿಲ್ಲಿಸಿದನು. ಪ್ರಯೋಗ ಫಲಿಸಿತು. 1797ರಲ್ಲಿ ಅವನು ಅದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅದೇ ಮದರಾಸು ಪದ್ಧತಿಯೆಂದು ಹೆಸರಾಗಿ ಇಂಗ್ಲೆಂಡಿನಲ್ಲಿಯೂ ಹೊರನಾಡುಗಳಲ್ಲಿಯೂ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು. ಗುರುವಿನ ಬದಲಿಗೆ ಇನ್ನೊಬ್ಬನು ನಿಂತು ಕಲಿಸುವ ಉಪಾಯವು ಹೀಗೆ ನಮ್ಮ ಕಡೆಯಿಂದ ಕಡಲು ದಾಟಿ ಹೋಯಿತು.

ಹಾಗೆಂದು ಹಳೆಯದೆಲ್ಲವೂ ಚಿನ್ನವಲ್ಲ. ಪದ್ಯರೂಪದ ಗ್ರಂಥಗಳನ್ನು ಮಕ್ಕಳು ಗಿಳಿಯಂತೆ ಒಪ್ಪಿಸುತ್ತಿದ್ದರು. ಅರ್ಥ ಕೇಳಿದರೆ ಎಷ್ಟೋ ವೇಳೆ ಐಗಳಿಗೇ ತಿಳಿಯದು ಎಂದು ಕ್ಯಾಂಬೆಲ್ ಆಕ್ಷೇಪಿಸಿದ್ದಾನೆ. ಜನರಿಗೆ ಬಡತನ ಬಂದು, ಹಿಂದೆ ಮಠವಿದ್ದ ಎಷ್ಟೋ ಹಳ್ಳಿಗಳಲ್ಲಿ ತನ್ನ ಕಾಲಕ್ಕೆ ಮಠವೇ ಇಲ್ಲವಾಯಿತೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆದನು. ಮಠ ಮುಚ್ಚಲು ಯಾರೂ ಬೀಗ ಹಾಕಬೇಕಾಗಲಿಲ್ಲ. ಕಲಿಸುವವನಿಗೆ ಕೊಡಲು ಕಾಸಿಲ್ಲದೆ ಅದು ತಾನಾಗಿಯೇ ಮುಚ್ಚಿಹೋಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಗೆರೆ ಎಳೆಯುವುದು ಒಂದು ದಿನದ ಕೆಲಸ. ಗೆರೆಯ ಆಚೆ ಉಳಿದ ಮಗುವಿನ ಮನೆಮಾತು ಆ ದಿನ ಬದಲಾಗದು. ಇದನ್ನರಿತೇ 1949ರ ಆಗಸ್ಟಿನಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳು ಸಭೆ ಸೇರಿ, ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳು ಆ ಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ತಾಯಿನುಡಿಯ ಉಪಾಧ್ಯಾಯರನ್ನು ಒದಗಿಸಬೇಕೆಂದು ನಿರ್ಣಯಿಸಿದ್ದರು. 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಆ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ವಿಧಿಸಿತು. ಕಾಗದದ ಮೇಲೆ ಹಕ್ಕು ಇದೆ. ಆದರೆ ಹಕ್ಕು ಪಾಠ ಹೇಳದು. ಪಾಠ ಹೇಳುವವನು ಮನುಷ್ಯ.

ಇಲ್ಲಿ ನಮ್ಮ ಅನುಭವವೊಂದನ್ನು ಹೇಳಿದರೆ ಓದುಗರು ಆತ್ಮಪ್ರಶಂಸೆಯೆಂದು ಭಾವಿಸಬಾರದು. ಅದು ನಮ್ಮ ಸೋಲಿನ ಕಥೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಕನ್ನಡ ವಿಭಾಗಕ್ಕೆ ಆರು ವಾರ ಬದಲಿಯಾಗಿ ಹೋಗಿದ್ದೆವು. ಅಲ್ಲಿಯ ಉಪಾಧ್ಯಾಯರು ಕಾಯಿಲೆಯಿಂದ ಮಲಗಿ ತಿಂಗಳಾಗಿತ್ತು. ಆ ತಿಂಗಳೆಲ್ಲ ಪಕ್ಕದ ತೆಲುಗು ತರಗತಿಯಲ್ಲಿ ಮಕ್ಕಳನ್ನು ಕೂರಿಸಿದ್ದರು. ಅಲ್ಲಿಯ ಉಪಾಧ್ಯಾಯರು ಕರುಣಾಳು. ಆದರೆ ಕನ್ನಡ ಅವರಿಗೆ ಬಾರದು. ನಾವು ವಿದ್ವತ್ ಪದವಿಯ ಹುಮ್ಮಸ್ಸಿನಲ್ಲಿ ಮೊದಲ ದಿನವೇ ಹೊಸ ಪದ್ಯಪಾಠ ಆರಂಭಿಸಿದೆವು. ಮಕ್ಕಳು ಮೌನವಾಗಿ ಕುಳಿತರು. ಅದನ್ನು ವಿನಯವೆಂದು ತಿಳಿದು ಮೂರು ದಿನ ಉಪನ್ಯಾಸ ಮಾಡಿದೆವು. ನಾಲ್ಕನೆಯ ದಿನ ಪಾಟಿಗಳನ್ನು ತರಿಸಿ ನೋಡಿದರೆ, ಒಂದೇ ಸಾಲಿನಲ್ಲಿ ಅರ್ಧ ಕನ್ನಡ ಲಿಪಿ, ಅರ್ಧ ತೆಲುಗು ಲಿಪಿ! ಎರಡೂ ಒಂದನ್ನೊಂದು ಹೋಲುವುದರಿಂದ ಮಕ್ಕಳಿಗೆ ಗೊಂದಲವಾಗಿತ್ತು. ಅವರನ್ನು ಕೇಳದೆ ಪಾಠ ಹೇಳಿದ ತಪ್ಪು ನಮ್ಮದು. ಮರುದಿನ ಚುರುಕಾದ ನಾಲ್ವರನ್ನು ಆರಿಸಿ ಒಬ್ಬೊಬ್ಬನಿಗೆ ಐವರು ಚಿಕ್ಕವರನ್ನು ಒಪ್ಪಿಸಿದೆವು. ಐಗಳ ಮಠದ ಕ್ರಮ ಮತ್ತೆ ಕೈಹಿಡಿಯಿತು. ಆರು ವಾರ ಮುಗಿಯುವ ವೇಳೆಗೆ ಸಾಲುಗಳು ತಿಳಿಯಾದವು.

ಅಂದು ಕಲಿತದ್ದನ್ನು ಕಿರಿಯ ಮಿತ್ರರಿಗೆ ಹೇಳುವೆವು. ಬದಲಿಯಾಗಿ ಹೋದವರು ಮೊದಲ ದಿನ ಹೇಳುವುದಕ್ಕಿಂತ ಕೇಳುವುದು ಹೆಚ್ಚಿರಲಿ. ಮಕ್ಕಳ ಹೆಸರುಗಳನ್ನು ಅಂದೇ ಕಲಿಯಿರಿ. ಹಿಂದಿನ ಉಪಾಧ್ಯಾಯರು ಎಲ್ಲಿಗೆ ನಿಲ್ಲಿಸಿದರೆಂಬುದನ್ನು ಮಕ್ಕಳ ಬರಹದಿಂದಲೇ ತಿಳಿದು, ಅಲ್ಲಿಂದ ಮುಂದುವರಿಸಿರಿ. ಅವರು ಹಾಕಿದ ಪದ್ಧತಿಯನ್ನು ಮಕ್ಕಳೆದುರು ಹಳಿಯಬೇಡಿರಿ. ಅವರು ಮರಳಿ ಬರತಕ್ಕವರು. ಹೊರಡುವಾಗ, ಯಾವ ಪಾಠ ಮುಗಿಯಿತು, ಯಾವ ಮಗು ಎಲ್ಲಿ ತಡವರಿಸುವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಬನ್ನಿರಿ. ಬದಲಿಯವನ ಹಿರಿಮೆ ತಾನು ನೆನಪಿನಲ್ಲಿ ಉಳಿಯುವುದರಲ್ಲಿಲ್ಲ, ಪಾಠದ ಎಳೆ ಹರಿಯದಂತೆ ನೋಡಿಕೊಳ್ಳುವುದರಲ್ಲಿದೆ.

ಮನೆಯವರಿಗೂ ಸಂಘಕ್ಕೂ ಒಂದು ಬಿನ್ನಹ. ಕನ್ನಡದ ಹುದ್ದೆ ತೆರವಾದಾಗ ತಂದೆತಾಯಿಗಳು ಎರಡು ತಿಂಗಳು ಕಾದು ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುವರು. ಅದನ್ನು ತಪ್ಪೆನ್ನಲಾರೆವು, ಮಗುವಿನ ವರ್ಷ ಹಾಳಾಗಬಾರದು. ಆದರೆ ಹತ್ತು ಒಂಬತ್ತಾದರೆ, ನಲವತ್ತು ಮೂವತ್ತೊಂಬತ್ತಾದರೆ, ಹುದ್ದೆಯನ್ನು ಕೇಳುವ ಬಾಯಿಯೇ ಕಟ್ಟುವುದು. ಆದುದರಿಂದ ನಮ್ಮ ಊರುಗಳಲ್ಲಿ ತರಬೇತಿ ಪಡೆದಿರುವ, ಕನ್ನಡ ಬಲ್ಲ ಯುವಕ ಯುವತಿಯರ ಮತ್ತು ನಿವೃತ್ತ ಉಪಾಧ್ಯಾಯರ ಪಟ್ಟಿಯೊಂದನ್ನು ಸಂಘವು ಸಿದ್ಧವಾಗಿಟ್ಟಿರಲಿ. ಹುದ್ದೆ ತೆರವಾದ ವಾರದಲ್ಲಿಯೇ ಅಧಿಕಾರಿಗಳಿಗೆ ಅರ್ಜಿಯೂ ಹೋಗಲಿ, ಅವರ ಅಪ್ಪಣೆ ಪಡೆದು ತರಗತಿಗೆ ಒಬ್ಬರು ಬದಲಿಯೂ ಹೋಗಲಿ.

ಎರಡು ನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಕಡತ ಬಳಪಗಳಿಂದಲೇ 235 ಕನ್ನಡ ಮಠಗಳು ನಡೆದವು. ಐಗಳ ಕೈ ಸಾಲದಾದಾಗ ಹಿರಿಯ ಹುಡುಗನು ಎದ್ದು ಕಿರಿಯನ ಪಕ್ಕದಲ್ಲಿ ಕುಳಿತನು. ಇಂದು ಹಾಗೆ ಏಳಬೇಕಾದವರು ನಾವು.